ನಿಪ್ಪಾಣಿಯ ತಂಬಾಕು, ಮಲೆನಾಡಿನ ವೆನಿಲ್ಲಾ, ಇಪ್ಪತ್ತು ಸಾವಿರದ ಸೆಂಟು

ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡೋ ನಮ್ಮವರು ಪದೇ ಪದೇ ಕೇಳೋ ಪ್ರಶ್ನೆ ಇದು: ಟಾಮ್ ಫೋರ್ಡ್‌ನ 'ಟೊಬ್ಯಾಕೋ ವೆನಿಲ್' ತರದ್ದೇ ಪರಿಮಳ ಕಡಿಮೆ ದುಡ್ಡಲ್ಲಿ ಸಿಗುತ್ತಾ? 2007ರಲ್ಲಿ ಬಂದ ಈ ಸೆಂಟಿನ 50 ಮಿಲಿ ಬಾಟಲಿಗೆ ಇವತ್ತು ಇಪ್ಪತ್ತು ಸಾವಿರಕ್ಕೂ ಮೇಲೆ. ಹತ್ತಿರದ್ದು ಖಂಡಿತ ಸಿಗುತ್ತೆ. ಯಾಕೆ ಸಿಗುತ್ತೆ ಅನ್ನೋದೇ ಇವತ್ತಿನ ಕಥೆ.

ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ. ಬೇರೆ ದೇಶಗಳಲ್ಲಿ ನೆಟ್ಟರೆ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ಕಂಡುಹಿಡಿದ. ಇಂದಿಗೂ ಒಂದೊಂದು ಹೂವನ್ನೂ ಕೈಯಲ್ಲೇ ಮುಟ್ಟಬೇಕು. ದುಬಾರಿಯ ಗುಟ್ಟು ಅದೇ.

ಆದರೆ 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಸೂಚಿಪರ್ಣ ಮರದ ರಸದಿಂದ ವೆನಿಲಿನ್ ತಯಾರಿಸಿದರು. ಅದಕ್ಕೂ ಮುಂಚೆ, 1868ರಲ್ಲಿ, ಇಂಗ್ಲೆಂಡಿನ ಪರ್ಕಿನ್ ಕೂಮರಿನ್ ತಯಾರಿಸಿದ್ದ. ಒಣಹುಲ್ಲು, ಹದ ಮಾಡಿದ ತಂಬಾಕು ನೆನಪಿಸೋ ವಾಸನೆ ಅದು. 1889ರಲ್ಲಿ ಪ್ಯಾರಿಸ್ಸಿನ ಗೆರ್ಲಾನ್ ತನ್ನ 'ಜಿಕಿ'ಗೆ ಇವೆರಡನ್ನೂ ಬಳಸಿತು. ಅಂದ್ರೆ, ಐಷಾರಾಮಿ ಸೆಂಟು ಬೆಳೆದದ್ದೇ ಅಗ್ಗದ ಬದಲಿಗಳ ಮೇಲೆ!

ಈಗ ನಮ್ಮ ಕಡೆಗೆ ಬನ್ನಿ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ವೆನಿಲ್ಲಾ ಬೆಲೆ ಗಗನಕ್ಕೇರಿತು. ಮಲೆನಾಡು, ದಕ್ಷಿಣ ಕನ್ನಡದ ತೋಟಗಳಲ್ಲಿ ಬಳ್ಳಿ ಹಬ್ಬಿತು, ರಾತ್ರಿ ಕಾವಲೂ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ದೊಡ್ಡ ಖರೀದಿದಾರರಿಗೆ ಕೃತಕ ವೆನಿಲಿನ್ ಇತ್ತು, ನಮ್ಮ ರೈತರಿಗೆ ಬದಲಿ ದಾರಿ ಇರಲಿಲ್ಲ.

ತಂಬಾಕಿನ ಕಥೆಯೂ ಅಷ್ಟೇ. ಪುಣೆಯಿಂದ ಊರಿಗೆ ಬಸ್ಸಲ್ಲಿ ಹೋಗುವಾಗ ದಾಟೋ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. 1981ರಲ್ಲಿ ನ್ಯಾಯವಾದ ಬೆಲೆಗಾಗಿ ರೈತರು ಇದೇ ಹೆದ್ದಾರಿಯಲ್ಲಿ ಕೂತರು. ಮುಂದಾಳು ನಮ್ಮ ಚಾಕಣ ಹತ್ತಿರದ ಆಂಬೇಠಾಣದ ಶರದ್ ಜೋಶಿ. ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು.

ಹಾಗಾಗಿ ನನ್ನ ಮಾತು ಇಷ್ಟೇ: ಅಗ್ಗದ್ದು ಕೊಳ್ಳೋಕೆ ಸಂಕೋಚ ಬೇಡ. ಹಳೇ ಪೇಟೆಗಳ ಅತ್ತರ್ ಅಂಗಡಿಗೆ ಹೋಗಿ, ಸಣ್ಣ ಶೀಶೆ ತಗೊಳ್ಳಿ. ಮೊದಲು ಕೈಗೆ ಒಂದು ತೊಟ್ಟು ಹಚ್ಚಿ, ಒಂದೆರಡು ಗಂಟೆ ಬಿಟ್ಟು ಮೂಸಿ ನೋಡಿ. ಚರ್ಮ ಉರಿದರೆ ಬೇಡ. ಬಾಟಲಿ ಸೆಂಟಾದರೆ ಲೇಬಲ್‌ನಲ್ಲಿ ಕೂಮರಿನ್ ಇದೆಯಾ ನೋಡಿ. ಇಪ್ಪತ್ತು ಸಾವಿರ ಕೊಟ್ಟರೂ ಅದರಲ್ಲಿ ಬಹುಪಾಲು ಹೋಗೋದು ಹೆಸರಿಗೆ, ಬಾಟಲಿಗೆ, ಜಾಹೀರಾತಿಗೆ. ಬೆಳೆದವನ ಕೈಗೆ ಹೋಗೋದು ಚಿಲ್ಲರೆ.

ಮುಂದಿನ ಮಾತುಕತೆಯಲ್ಲಿ ಸಿಗೋಣ.