ಹೆಣೆದ ಪಾಲಿಮರ್ ಜಾಲಗಳು: ಹಾಡಿನ ತಟ್ಟೆಯಿಂದ ನಿಶ್ಶಬ್ದ ಬಣ್ಣದವರೆಗೆ



ಒಂದು ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿದು ನೋಡಿ. ಅದು ಸ್ವಲ್ಪ ಹೊತ್ತು ಝೇಂಕರಿಸುತ್ತದೆ. ಅಂಗೈಯನ್ನು ಒತ್ತಿ ಹಿಡಿದರೆ ಸದ್ದು ತಟ್ಟನೆ ಅಡಗುತ್ತದೆ. ತಟ್ಟೆಯ ಕಂಪನದಲ್ಲಿದ್ದ ಶಕ್ತಿಯನ್ನು ನಿಮ್ಮ ಮೃದುವಾದ ಅಂಗೈ ಹೀರಿಕೊಂಡು, ಅರಿವಿಗೆ ಬಾರದಷ್ಟು ಅಲ್ಪ ಶಾಖವಾಗಿ ಬದಲಾಯಿಸಿತು. ಕಂಪನ ಶಮನ ಎಂದರೆ ಇದೇ. ಇದು ಕೇವಲ ನೆಮ್ಮದಿಯ ಪ್ರಶ್ನೆಯಲ್ಲ. ಎಡೆಬಿಡದ ಸದ್ದು ಕಾರ್ಖಾನೆಯಲ್ಲಿ ದುಡಿಯುವವರ ಕಿವಿಯನ್ನು ಕೆಡಿಸುತ್ತದೆ; ಎಡೆಬಿಡದ ಕಂಪನ ಲೋಹದಲ್ಲಿ ಬಿರುಕು ಮೂಡಿಸುತ್ತದೆ.

ಅಂಗೈ ಮಾಡಿದ ಈ ಕೆಲಸವನ್ನು ಯಂತ್ರಗಳ ಮೇಲೆ ಮಾಡುವ ವಸ್ತುಗಳಲ್ಲಿ ಒಂದು ಬಗೆಯವು ‘ಇಂಟರ್‌ಪೆನಿಟ್ರೇಟಿಂಗ್ ಪಾಲಿಮರ್ ನೆಟ್‌ವರ್ಕ್’ಗಳು, ಅಂದರೆ ಒಂದರೊಳಗೊಂದು ಹೆಣೆದುಕೊಂಡ ಪಾಲಿಮರ್ ಜಾಲಗಳು. ಇವುಗಳ ಚರಿತ್ರೆ ಸ್ವಾರಸ್ಯಕರವಾಗಿದೆ. ಸದ್ದಡಗಿಸಲು ನಿಂತ ಈ ವಸ್ತು ಮೊದಲು ಹುಟ್ಟಿದ್ದು ಹಾಡು ಕೇಳಿಸುವುದಕ್ಕಾಗಿ!

ಎಡಿಸನ್ನರ ರಸಾಯನಶಾಸ್ತ್ರಜ್ಞ

ಅಮೆರಿಕದ ಥಾಮಸ್ ಎಡಿಸನ್ನರ ಬಳಿ ಜೋನಸ್ ಐಲ್ಸ್‌ವರ್ತ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. 1912ರಲ್ಲಿ ಎಡಿಸನ್ ಕಂಪನಿಯು ಧ್ವನಿಮುದ್ರಿತ ತಟ್ಟೆಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳ ಮೇಲ್ಮೈಗೆ ಬೇಕೆಲೈಟ್ ಜಾತಿಯ, ಅಂದರೆ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದಾದ, ರಾಳವನ್ನು ಬಳಸುತ್ತಿದ್ದರು. ಈ ರಾಳ ಗಟ್ಟಿ. ಆದರೆ ಬೇಗ ಒಡೆಯುವಂಥದು. ಅದನ್ನು ಗಡಸುಗೊಳಿಸಲು ಐಲ್ಸ್‌ವರ್ತ್ ರಾಳಕ್ಕೆ ನೈಸರ್ಗಿಕ ರಬ್ಬರನ್ನೂ ಗಂಧಕವನ್ನೂ ಬೆರೆಸಿದರು. ಅದಕ್ಕೆ 1914ರಲ್ಲಿ ಪೇಟೆಂಟ್ ದೊರೆಯಿತು.

ಇಲ್ಲಿ ನಡೆದದ್ದೇನು? ರಾಳ ತನ್ನ ಜಾಲವನ್ನು ಕಟ್ಟಿಕೊಂಡಿತು. ಗಂಧಕದ ನೆರವಿನಿಂದ ರಬ್ಬರ್ ತನ್ನದೇ ಇನ್ನೊಂದು ಜಾಲವನ್ನು ಕಟ್ಟಿತು. ಒಂದು ಮೀನುಬಲೆಯ ಕಣ್ಣುಗಳಲ್ಲಿ ನೂಲು ತೂರಿಸಿ ಎರಡನೆಯ ಬಲೆಯನ್ನು ಹೆಣೆದಂತೆ ಊಹಿಸಿಕೊಳ್ಳಿ. ಎರಡಕ್ಕೂ ನಡುವೆ ಒಂದು ಗಂಟೂ ಇಲ್ಲ. ಆದರೂ ಕತ್ತರಿಸದೆ ಬೇರ್ಪಡಿಸಲಾಗದು. ಐಲ್ಸ್‌ವರ್ತ್ ಇದನ್ನು ಹೀಗೆ ವಿವರಿಸುವಂತಿರಲಿಲ್ಲ. ಪಾಲಿಮರ್‌ಗಳು ಉದ್ದನೆಯ ಸರಪಳಿ ಅಣುಗಳೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ ವಾದ ಮಂಡಿಸಿದ್ದೇ 1920ರಲ್ಲಿ. ವಸ್ತು ಮೊದಲು ಬಂದಿತು, ಅರ್ಥ ಆಮೇಲೆ ಬಂದಿತು.

ಹೆಸರು ಬಂದ ಬಗೆ

ಹೆಸರು ಬರಲು ಇನ್ನೂ ನಾಲ್ಕು ದಶಕಗಳು ಬೇಕಾದವು. 1960ರಲ್ಲಿ ಜೆ. ಆರ್. ಮಿಲ್ಲರ್ ಎಂಬ ಸಂಶೋಧಕರು ಪಾಲಿಸ್ಟೈರೀನಿನ ಒಂದು ಜಾಲದೊಳಗೆ ಪಾಲಿಸ್ಟೈರೀನಿನದೇ ಮತ್ತೊಂದು ಜಾಲವನ್ನು ಬೆಳೆಸಿ, ಈ ರಚನೆಗೆ ಇಂದಿನ ಹೆಸರನ್ನು ಕೊಟ್ಟರು. ಆ ದಶಕದ ಕೊನೆಯಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಎಲ್. ಎಚ್. ಸ್ಪರ್ಲಿಂಗ್ ಮತ್ತಿತರರು ಎರಡು ಬೇರೆ ಬೇರೆ ಪಾಲಿಮರ್‌ಗಳನ್ನು ಹೀಗೆ ಹೆಣೆಯುವ ಅಧ್ಯಯನಕ್ಕಿಳಿದರು.

ಅರೆಬೆರಕೆಯ ಗುಣ

ಸಾಧಾರಣವಾಗಿ ಎರಡು ಪಾಲಿಮರ್‌ಗಳು ಎಣ್ಣೆ-ನೀರಿನಂತೆ, ಬೆರೆಸಿದರೂ ಬೇರೆಯಾಗುತ್ತವೆ. ಹೆಣೆದ ಜಾಲಗಳಲ್ಲಿ ಪೂರ್ತಿ ಬೇರೆಯಾಗಲು ಎಡೆಯಿಲ್ಲ, ಪೂರ್ತಿ ಬೆರೆಯಲು ಒಲವಿಲ್ಲ. ಈ ಅರೆಬೆರಕೆ ಮೇಲ್ನೋಟಕ್ಕೆ ದೋಷವೆನಿಸಬಹುದು. ಕಂಪನ ಶಮನಕ್ಕೆ ಬೇಕಾದದ್ದು ಅದೇ.

ಏಕೆಂದು ನೋಡೋಣ. ಪಾಲಿಮರ್ ತೀರ ತಣ್ಣಗಿದ್ದಾಗ ಗಾಜಿನಂತೆ ಪೆಡಸು. ಅದರ ಸರಪಳಿಗಳು ಅಲುಗುವುದಿಲ್ಲ. ಬಿಸಿಯಾದಾಗ ರಬ್ಬರಿನಂತೆ, ಸರಪಳಿಗಳು ಸಲೀಸಾಗಿ ಅಲುಗುತ್ತವೆ. ಇವೆರಡರ ನಡುವಿನ ಸ್ಥಿತಿಯಲ್ಲಿ ಮಾತ್ರ ಸರಪಳಿಗಳು ತಿಣುಕುತ್ತ, ಉಜ್ಜಿಕೊಳ್ಳುತ್ತ ಅಲುಗುತ್ತವೆ. ಕಂಪನದ ಶಕ್ತಿ ಶಾಖವಾಗುವುದು ಆಗಲೇ. ಒಂದೇ ಪಾಲಿಮರ್ ಆದರೆ ಈ ನಡುವಿನ ಸ್ಥಿತಿ ಸುಮಾರು 20-30 ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯಾಪ್ತಿಯಲ್ಲಿ ಮುಗಿದುಹೋಗುತ್ತದೆ. ಬೆಳಗಿನ ಚಳಿಯಲ್ಲಿ ಚಾಲೂ ಆಗಿ ಮಧ್ಯಾಹ್ನಕ್ಕೆ ಕಾದುಹೋಗುವ ಎಂಜಿನ್‌ಗೆ ಇದು ಸಾಲದು. ಕಂಪನದ ವೇಗ ಬದಲಾದರೂ ಈ ವ್ಯಾಪ್ತಿ ಜರುಗುತ್ತದೆ.

ಅರೆಬೆರೆತ ಜಾಲದಲ್ಲಾದರೋ ಒಂದು ಸೂಕ್ಷ್ಮ ತಾಣದಲ್ಲಿ ಮೊದಲ ಪಾಲಿಮರ್ ಹೆಚ್ಚು, ಪಕ್ಕದ ತಾಣದಲ್ಲಿ ಎರಡನೆಯದು ಹೆಚ್ಚು. ಪ್ರತಿ ತಾಣವೂ ತನ್ನದೇ ಉಷ್ಣತೆಯಲ್ಲಿ ಮೆದುವಾಗುತ್ತದೆ. ಎಲ್ಲವೂ ಸೇರಿ ಶಮನದ ವ್ಯಾಪ್ತಿ 100 ಡಿಗ್ರಿಯಷ್ಟಾದರೂ ಹಿಗ್ಗಬಲ್ಲದು. ಆದರೆ ಇದು ಪುಕ್ಕಟೆಯಲ್ಲ. ಅಗಲದಲ್ಲಿ ಗಳಿಸಿದ್ದನ್ನು ಎತ್ತರದಲ್ಲಿ ಕಳೆದುಕೊಳ್ಳಬೇಕು. ಯಾವುದೇ ಒಂದು ಉಷ್ಣತೆಯಲ್ಲಿ ಶಮನದ ತೀವ್ರತೆ ತುಸು ತಗ್ಗುತ್ತದೆ.

ನಿಶ್ಶಬ್ದ ಬಣ್ಣ

ಇಷ್ಟರಲ್ಲಿ ಎಂಜಿನಿಯರುಗಳೂ ಸುಮ್ಮನಿರಲಿಲ್ಲ. ಲೋಹದ ಹಾಳೆಗೆ ಮೆತ್ತಿದ ಪಾಲಿಮರ್ ಪದರ ಕಂಪನವನ್ನು ಹೇಗೆ ತಗ್ಗಿಸುತ್ತದೆ ಎಂಬುದನ್ನು ಜರ್ಮನಿಯ ಓಬರ್ಸ್ಟ್ 1952ರಲ್ಲಿ ಲೆಕ್ಕಹಾಕಿ ತೋರಿಸಿದರು. ಆ ಮೆದು ಪದರದ ಮೇಲೆ ಇನ್ನೊಂದು ಬಿಗಿಯಾದ ಪದರ ಹಾಕಿದರೆ ಲಾಭ ಬಹಳ ಹೆಚ್ಚು ಎಂಬುದಕ್ಕೆ 1959ರಲ್ಲಿ ಅಮೆರಿಕದ ಕರ್ವಿನ್ ಗಣಿತದ ಆಧಾರ ಒದಗಿಸಿದರು. ಎರಡು ಬಿಗಿ ಪದರಗಳ ನಡುವೆ ಸಿಕ್ಕ ಮೆದು ಪದರ ಪ್ರತಿ ಕಂಪನಕ್ಕೂ ಆಚೆ-ಈಚೆ ಜಗ್ಗಲ್ಪಟ್ಟು ಹೆಚ್ಚು ಶಕ್ತಿಯನ್ನು ನುಂಗುತ್ತದೆ.

ರಸಾಯನಶಾಸ್ತ್ರ ಮತ್ತು ಎಂಜಿನಿಯರಿಂಗ್‌ನ ಈ ಎರಡು ದಾರಿಗಳು ಕೂಡಿದ್ದು 1974ರಲ್ಲಿ. ಸ್ಪರ್ಲಿಂಗ್ ಮತ್ತು ಅವರ ಸಹೋದ್ಯೋಗಿ ಥಾಮಸ್ ಆ ವರ್ಷ ಒಂದು ಲೇಪನಕ್ಕೆ ಪೇಟೆಂಟ್ ಪಡೆದರು. ಅದನ್ನು ‘ಸೈಲೆಂಟ್ ಪೇಂಟ್’, ನಿಶ್ಶಬ್ದ ಬಣ್ಣ, ಎಂದು ಕರೆದರು. ಒಳಪದರ ಹೆಣೆದ ಜಾಲದ್ದು, ಹೊರಪದರ ಬಿಗಿಯಾದ ರಾಳದ್ದು. ಒಳಪದರದಲ್ಲಿ ಜೋಡಿಸಿದ ಪಾಲಿಮರ್‌ಗಳಲ್ಲಿ ಒಂದು ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗೇ ಮೆದುವಾಗುವಂಥದು. ಇನ್ನೊಂದಕ್ಕೆ ಸುಮಾರು 65 ಡಿಗ್ರಿ ಬೇಕು. ನಡುವಿನ ಹರವನ್ನು ಅರೆಬೆರಕೆ ತುಂಬಿತು. 1990ರ ಹೊತ್ತಿಗೆ ಪಾಲಿಮರ್‌ಗಳಿಂದ ಸದ್ದು ಮತ್ತು ಕಂಪನ ಶಮನ ಎಂಬ ವಿಷಯಕ್ಕೇ ಅಮೆರಿಕನ್ ಕೆಮಿಕಲ್ ಸೊಸೈಟಿ ಒಂದು ಸಂಪುಟವನ್ನು ಮೀಸಲಿಟ್ಟಿತು.

ವಿದ್ಯಾರ್ಥಿಗಳೇ, 1914ರಿಂದ 1974ಕ್ಕೆ ಅರವತ್ತು ವರ್ಷ. ಐಲ್ಸ್‌ವರ್ತ್‌ಗೆ ಬೇಕಾದದ್ದು ಒಡೆಯದ ತಟ್ಟೆ ಮಾತ್ರ. ಆ ಬೆರಕೆಯೊಳಗೆ ಏನಿದೆ ಎಂದು ಮುಂದಿನವರು ಕೇಳದೇ ಹೋಗಿದ್ದರೆ ಅದು ಹಳೆಯ ಪೇಟೆಂಟ್ ಕಡತದಲ್ಲೇ ಉಳಿಯುತ್ತಿತ್ತು. ಪ್ರಯೋಗಶಾಲೆಯಲ್ಲಿ ಫಲಿತಾಂಶ ಬಂದೊಡನೆ ಪುಸ್ತಕ ಮುಚ್ಚಬೇಡಿ. ‘ಬಂತು’ ಎಂಬಲ್ಲಿಗೆ ನಿಲ್ಲದೆ ‘ಏಕೆ ಬಂತು’ ಎಂದು ಕೇಳಿ. ದುಡಿಯುವವರ ಕಿವಿ ಕಾಯುವ ಒಂದು ವಿದ್ಯೆ ಬೆಳೆದು ಬಂದದ್ದು ಆ ಪ್ರಶ್ನೆಯಿಂದಲೇ.