ಕುಂಬಳೆಯ ಮರುವಾಯಿ: ವಿಷಪಾಚಿ ಮತ್ತು ಚಿಪ್ಪುಜೀವಿ ನಿಯಂತ್ರಣದ ಚರಿತ್ರೆ

1983ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ದಕ್ಷಿಣದ ಕುಂಬಳೆ ಅಳಿವೆಯ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತಿಂದು ಒಬ್ಬ ಬಾಲಕ ಸತ್ತ. ಹಲವರು ಆಸ್ಪತ್ರೆ ಸೇರಿದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಪ್ರಕರಣವನ್ನು ಪಾರ್ಶ್ವವಾಯು ತರುವ ಚಿಪ್ಪುಜೀವಿ ವಿಷಬಾಧೆಯೆಂದು ದಾಖಲಿಸಿದರು.

ವಿಷದ ಮೂಲ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮ ಪಾಚಿ. ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ಪಾಚಿಯ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಅವುಗಳ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ತಿಂದವರಿಗೆ ಮೊದಲು ತುಟಿ, ನಾಲಿಗೆ ಜುಮುಗುಟ್ಟುತ್ತವೆ. ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ಸ್ತಬ್ಧವಾಗುತ್ತವೆ. ಇದಕ್ಕೆ ಪ್ರತ್ಯೌಷಧವಿಲ್ಲ, ಕೃತಕ ಉಸಿರಾಟವೊಂದೇ ಆಸರೆ. ಬೇಯಿಸಿದರೂ ವಿಷ ಅಳಿಯುವುದಿಲ್ಲ. ವಿಷಪಾಚಿ ಇರುವ ನೀರು ಕೆಂಪಾಗಲೇಬೇಕೆಂದಿಲ್ಲ. ಚಿಪ್ಪಿನ ಬಣ್ಣ, ವಾಸನೆಗಳೂ ಸುಳಿವು ಕೊಡುವುದಿಲ್ಲ. ಆದ್ದರಿಂದ ಅಡುಗೆಮನೆಯ ಎಚ್ಚರ ಇಲ್ಲಿ ಸಾಲದು, ಪರೀಕ್ಷೆಯೇ ಬೇಕು.

ಈ ತಿಳಿವಳಿಕೆ ಅಮೆರಿಕದಲ್ಲಿ ಬೇಗನೇ ನಿಯಮವಾಯಿತು. 1927ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 102 ಜನ ಅಸ್ವಸ್ಥರಾಗಿ 6 ಮಂದಿ ಸತ್ತ ಬಳಿಕ ಪಚ್ಚಿಲೆ ಸಂಗ್ರಹಕ್ಕೆ ನಿರ್ಬಂಧ ಬಂತು. ಅಲ್ಲಿ ಈಗಲೂ ಮೇ 1ರಿಂದ ಅಕ್ಟೋಬರ್ 31ರವರೆಗೆ ಜನ ತಾವೇ ಪಚ್ಚಿಲೆ ಹೆಕ್ಕುವುದಕ್ಕೆ ಪ್ರತಿವರ್ಷ ನಿಷೇಧವಿದೆ. 1937ರಲ್ಲಿ ವಿಜ್ಞಾನಿಗಳಾದ ಸೊಮ್ಮರ್ ಮತ್ತು ಮೇಯರ್ ವಿಷವನ್ನು ಅಳೆಯುವ ಇಲಿ ಪರೀಕ್ಷೆಯನ್ನು ಪ್ರಕಟಿಸಿದರು: 20 ಗ್ರಾಂ ತೂಕದ ಇಲಿಯನ್ನು 15 ನಿಮಿಷದಲ್ಲಿ ಕೊಲ್ಲುವಷ್ಟು ವಿಷವೇ ಅಳತೆಯ ಒಂದು ಘಟಕ. 100 ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ ವಿಷ ಎಂಬ ಮಿತಿ ಮುಂದೆ ಹಲವು ದೇಶಗಳಲ್ಲಿ ನೆಲೆಗೊಂಡಿತು. ಯುರೋಪಿನಲ್ಲಿ ಮಿತಿ ಮೀರಿದ ಸಂಗ್ರಹಕ್ಷೇತ್ರವನ್ನು ಮುಚ್ಚುತ್ತಾರೆ. ಕನಿಷ್ಠ 48 ಗಂಟೆಗಳ ಅಂತರದ ಎರಡು ಪರೀಕ್ಷೆಗಳಲ್ಲಿ ಸತತವಾಗಿ ಮಿತಿಯೊಳಗೆ ಬಂದರಷ್ಟೇ ಮತ್ತೆ ತೆರೆಯುತ್ತಾರೆ.

ಭಾರತದಲ್ಲಿ 1981ರಲ್ಲಿ ತಮಿಳುನಾಡಿನಲ್ಲಿ, 1997ರಲ್ಲಿ ಕೇರಳದ ವಿಳಿಂಞಂನಲ್ಲಿಯೂ ಸಾವುಗಳಾದವು. ವಿಳಿಂಞಂನಲ್ಲಿ ಪಚ್ಚಿಲೆ ತಿಂದ 7 ಮಂದಿ ಸತ್ತರು. 2006ರ ಆಹಾರ ಸುರಕ್ಷತಾ ಕಾಯ್ದೆಯಡಿಯ ನಿಯಮಗಳು ಇಂದು ಅದೇ 80 ಮೈಕ್ರೋಗ್ರಾಂ ಮಿತಿಯನ್ನು ಒಪ್ಪಿವೆ. ಹೊರದೇಶಕ್ಕೆ ಹೋಗುವ ಚಿಪ್ಪುಜೀವಿಗಳ ಸಂಗ್ರಹಕ್ಷೇತ್ರಗಳ ಮೇಲೆ ರಫ್ತು ತಪಾಸಣಾ ಮಂಡಳಿಯ ನಿಗಾ ಇದೆ.

ಸ್ಥಳೀಯ ಪೇಟೆಯ ದಾರಿ ಇದಕ್ಕಿಂತ ಭಿನ್ನ. ಕಾಸರಗೋಡಿನಿಂದ ಅಘನಾಶಿನಿ ಅಳಿವೆಯವರೆಗೆ ಇಳಿತದ ಹೊತ್ತಿನಲ್ಲಿ ಸೊಂಟಮಟ್ಟದ ನೀರಿಗಿಳಿದು ಚಿಪ್ಪು ಹೆಕ್ಕುವ ಕುಟುಂಬಗಳಿಂದ ಸರಕು ನೇರವಾಗಿ ಮೀನುಪೇಟೆಗೆ ಬಂದು, ನೂರರ ಲೆಕ್ಕದಲ್ಲಿ ಮಾರಾಟವಾಗಿ, ಅದೇ ದಿನ ಬೇಯುತ್ತದೆ. ಪೇಟೆಗೆ ಬಂದಮೇಲೆ ಮಾದರಿ ತೆಗೆದರೆ ಫಲಿತಾಂಶ ಬರುವಷ್ಟರಲ್ಲಿ ಊಟ ಮುಗಿದಿರುತ್ತದೆ. ಅಳಿವೆಯಲ್ಲೇ ನಿಯತವಾಗಿ ನೀರು, ಮಾಂಸ ಎರಡನ್ನೂ ಪರೀಕ್ಷಿಸುವುದು, ಮಿತಿ ಮೀರಿದಾಗ ಹೆಕ್ಕುವವರಿಗೆ ಅಂದೇ ತಿಳಿಸುವುದು, ಮುಚ್ಚಿದ ದಿನಗಳ ಕೂಲಿನಷ್ಟವನ್ನು ತುಂಬಿಕೊಡುವುದು, ಈ ಮೂರೂ ಕೂಡಿದಾಗ ಮಾತ್ರ ಕಾಯ್ದೆಯ ಮಿತಿ ಜೀವ ಉಳಿಸುತ್ತದೆ.