ಅರಸನ ಹೆಸರಿನ ಲಿಂಗ: ಮೈಸೂರು ಒಡೆಯರ ಅಗಲಿಕೆಯೂ ಪ್ರಜೆಗಳ ಶೋಕವೂ

ಆಷಾಢ ಮಾಸದಲ್ಲಿ ಚಾಮರಾಜನಗರದ ಶ್ರೀ ಚಾಮರಾಜೇಶ್ವರಸ್ವಾಮಿಯ ತೇರು ಬಂತೆಂದರೆ ದಿಂಬಂ ಘಟ್ಟದ ಮೇಲಿನ ತಾಳವಾಡಿ ಸೀಮೆಯಿಂದಲೂ ಭಕ್ತರು ಹೊರಡುವುದುಂಟು. ಆಷಾಢದಲ್ಲಿ ಹೊಸದಾಗಿ ಮದುವೆಯಾದವರನ್ನು ಬೇರೆ ಬೇರೆ ಇಡುವ ರೂಢಿ ನಾಡಿನಲ್ಲೆಲ್ಲ ಇದ್ದರೂ, ಈ ತೇರಿನ ದಿನ ಮಾತ್ರ ಮದುಮಕ್ಕಳು ಒಟ್ಟಿಗೆ ಬಂದು ತೇರಿಗೆ ಹಣ್ಣು ಜವನ ಎಸೆದು ಕೈಮುಗಿಯುತ್ತಾರೆ. ಹೀಗೆ ಸಂತಾನಭಾಗ್ಯವನ್ನು ಬೇಡಿ ಬರುವವರಲ್ಲಿ, ಆ ಸ್ವಾಮಿಯ ಹೆಸರು ಎಲ್ಲಿಂದ ಬಂತೆಂದು ಬಲ್ಲವರು ಸ್ವಲ್ಪವೇ ಮಂದಿ. ಅದು ಮಗನೊಬ್ಬನು ತನ್ನ ತಂದೆಗಾಗಿ, ಮೂವತ್ತು ವರ್ಷ ತಡವಾಗಿ ಸಲ್ಲಿಸಿದ ಗೌರವ.

ಅರಸನಲ್ಲಿ ದೇವರ ಅಂಶವುಂಟೆಂದು ನಂಬಿದ್ದ ನಾಡು ಇದು. ಆದ್ದರಿಂದ ಅರಸನ ಮರಣವೆಂಬುದು ಒಂದು ಮನೆಯ ದುಃಖವಾಗಿ ಉಳಿಯುತ್ತಿರಲಿಲ್ಲ. ಹಿಂದಿನವರು ಆ ದುಃಖವನ್ನು ತೋರಿದ ರೀತಿಯನ್ನು ಕಂಡರೆ ಇಂದಿನವರ ಎದೆ ಝಲ್ಲೆನ್ನುತ್ತದೆ. ತಿರುಮಕೂಡಲು ನರಸೀಪುರ ತಾಲೂಕಿನ ದೊಡ್ಡಹುಂಡಿಯಲ್ಲಿ 9ನೇ ಶತಮಾನದ ಒಂದು ಕಲ್ಲು ದೊರೆತಿದೆ. ಗಂಗ ದೊರೆ ನೀತಿಮಾರ್ಗನು ಮಂಚದ ಮೇಲೆ ಅಂತ್ಯಕಾಲದಲ್ಲಿ ಮಲಗಿರುವುದನ್ನೂ, ಅವನ ಆಪ್ತಸೇವಕ ಅಗರಯ್ಯನನ್ನೂ, ದುಃಖದಿಂದ ನಿಂತ ಮಗನನ್ನೂ ಅದರಲ್ಲಿ ಕೆತ್ತಿದ್ದಾರೆ. ಅಗರಯ್ಯನು ದೊರೆಗೆ 'ಕೀಳ್ಗುಂಟೆ'ಯಾದನೆಂದು ಬರಹವಿದೆ. ಅಂದರೆ ಒಡೆಯನ ಸಮಾಧಿಯ ಕೆಳಗಿನ ಗುಂಡಿಯಲ್ಲಿ ತಾನೂ ಸೇರಿಹೋದನೆಂದು ಅರ್ಥ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ನಿಂತಿರುವ ಗರುಡಗಂಬ ಇದಕ್ಕಿಂತಲೂ ಘೋರವಾದ ಕಥೆಯನ್ನು ಹೇಳುತ್ತದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ, ಅವನಿಗೆ ಮಗನ ಸಮಾನನಾಗಿದ್ದ ದಂಡನಾಯಕ ಕುವರಲಕ್ಷ್ಮನು ತನ್ನ ಮಡದಿ ಸುಗ್ಗಲದೇವಿ ಹಾಗೂ ಸಾವಿರ ಮಂದಿ ವೀರರೊಡನೆ ಪ್ರಾಣ ನೀಗಿದನು. ಇಂಥವರನ್ನು 'ಗರುಡರು' ಎಂದು ಕರೆಯುತ್ತಿದ್ದರು. ಕಂಬದ ನಡುಭಾಗದಲ್ಲಿ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರ ಚಿಕ್ಕ ಚಿಕ್ಕ ಶಿಲ್ಪಗಳಿವೆ. ಅಲ್ಲಿನ ಶಾಸನ ಪೂರ್ತಿಯಾಗದೆ ಅರ್ಧಕ್ಕೇ ನಿಂತಿದೆ. ಅದನ್ನು ನಿಷ್ಠೆಯೆಂದು ಹಾಡಿದವರೂ ಉಂಟು. ಆದರೆ ಒಬ್ಬ ಮುದಿ ಅರಸನ ಸಾವಿಗಾಗಿ ಹೆಂಡತಿಯನ್ನೂ ಬಂಟರನ್ನೂ ಕರೆದೊಯ್ದ ಆ ನಿಷ್ಠೆಯ ಮುಂದೆ ನಿಂತಾಗ ಕೈ ಮುಗಿಯುವುದಕ್ಕಿಂತ ಮೊದಲು ಮನಸ್ಸು ಮರುಗುತ್ತದೆ. ಬಿಟ್ಟುಹೋದ ಮಕ್ಕಳ ಗತಿ ಏನಾಯಿತೆಂದು ಕಂಬ ಹೇಳುವುದಿಲ್ಲ.

ಮೈಸೂರು ಒಡೆಯರ ಕಾಲಕ್ಕೆ ಬಂದರೆ ಕಥೆಯೇ ಬೇರೆ. ಇಲ್ಲಿ ಮೊದಲು ಕಾಣುವುದು ಶೋಕವೇ ಇಲ್ಲದ ಒಂದು ಸಾವು.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿನ ಅರಸು ಮನೆತನದಲ್ಲಿ 1774ರಲ್ಲಿ ಹುಟ್ಟಿದ ಕೂಸು, ಮುಂದೆ ಖಾಸಾ ಚಾಮರಾಜ ಒಡೆಯರಾಯಿತು. 1776ರಲ್ಲಿ ಮೈಸೂರಿನ ಗಾದಿ ಬರಿದಾದಾಗ ಹೈದರಾಲಿಯು ರಾಜಬಂಧುಗಳ ಮಕ್ಕಳನ್ನೆಲ್ಲ ಕರೆಸಿ, ಅವರ ಮುಂದೆ ಆಟದ ಸಾಮಾನು, ಹಣ್ಣು ಹಂಪಲುಗಳನ್ನು ಹರಡಿಸಿದನಂತೆ. ಒಂದು ಮಗು ಮಾತ್ರ ಕಠಾರಿಗೆ ಕೈಹಾಕಿತಂತೆ. ಅದನ್ನೇ ಅರಸನೆಂದು ಆರಿಸಿದನೆಂದು ಕಥೆಯಿದೆ. ಕಠಾರಿ ಹಿಡಿದ ಕೈಗೆ ಅಧಿಕಾರ ಮಾತ್ರ ದಕ್ಕಲಿಲ್ಲ. ಅರಸೊತ್ತಿಗೆ ಹೆಸರಿಗಷ್ಟೇ ಉಳಿದಿತ್ತು. 1796ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಶ್ರೀರಂಗಪಟ್ಟಣದಲ್ಲಿ ಅವರು ಸಿಡುಬಿನಿಂದ ತೀರಿಕೊಂಡರು. ಟಿಪ್ಪು ಸುಲ್ತಾನನು ಮತ್ತೊಬ್ಬ ಅರಸನನ್ನು ಪಟ್ಟದಲ್ಲಿ ಕೂರಿಸುವ ಗೋಜಿಗೆ ಹೋಗಲಿಲ್ಲ. ರಾಜಪರಿವಾರವನ್ನು ಅರಮನೆಯಿಂದ ಹೊರಡಿಸಿ ಸಾಮಾನ್ಯ ಮನೆಯೊಂದರಲ್ಲಿ ಇರಿಸಲಾಯಿತು. ಅರಸನಿಗೆ ಸಲ್ಲಬೇಕಾದ ಯಾವ ಬಹಿರಂಗ ಗೌರವಕ್ಕೂ ಅಲ್ಲಿ ಎಡೆಯಿರಲಿಲ್ಲ. ರಾಣಿ ಕೆಂಪನಂಜಮ್ಮಣ್ಣಿಯವರ ಮಡಿಲಲ್ಲಿದ್ದ ಮಗ ಕೃಷ್ಣರಾಜನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಮೂರೇ ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಜೂನ್ 30ರಂದು ಆ ಮಗುವೇ ಮುಮ್ಮಡಿ ಕೃಷ್ಣರಾಜ ಒಡೆಯರೆಂದು ಪಟ್ಟವೇರಿತು. ಅದೇ ವರ್ಷ ಕೊಯಮತ್ತೂರು ಸೀಮೆ ಕುಂಪಣಿ ಸರ್ಕಾರದ ಪಾಲಾಯಿತು. ಘಟ್ಟದ ಮೇಲಿನ ತಾಳವಾಡಿ, ಕೊಳ್ಳೇಗಾಲಗಳೂ ಅದರೊಂದಿಗೆ ಹೋದವು. (ಕೊಳ್ಳೇಗಾಲ 1956ರಲ್ಲಿ ಮೈಸೂರಿಗೆ ಮರಳಿತು, ತಾಳವಾಡಿ ಮರಳಲಿಲ್ಲ.)

ಮುಮ್ಮಡಿಯವರಿಗೆ ತಂದೆಯ ಮುಖದ ನೆನಪು ಇದ್ದಿರಲಾರದು. ಆದರೆ ತಂದೆಯ ಊರನ್ನು ಅವರು ಮರೆಯಲಿಲ್ಲ. 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರ ಹೊತ್ತಿಗೆ ಅಲ್ಲಿ ದೊಡ್ಡ ಶಿವಾಲಯವೊಂದನ್ನು ಕಟ್ಟಿಸಿ, ಲಿಂಗಕ್ಕೆ ತಂದೆಯ ಹೆಸರಿನಿಂದ ಚಾಮರಾಜೇಶ್ವರನೆಂದೂ, ಅಮ್ಮನವರಿಗೆ ತಾಯಿಯ ಹೆಸರಿನಿಂದ ಕೆಂಪನಂಜಾಂಬೆಯೆಂದೂ ನಾಮಕರಣ ಮಾಡಿ ಪ್ರತಿಷ್ಠಾಪಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನಮಂಟಪವನ್ನು ಕಟ್ಟಿಸಿದರು. ಅರಸರ ಹೆಸರಿನಲ್ಲಿ ದೇವರನ್ನು ನಿಲ್ಲಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಪಟ್ಟದಕಲ್ಲಿನ ವಿಜಯೇಶ್ವರ, ಹಳೇಬೀಡಿನ ಹೊಯ್ಸಳೇಶ್ವರ ಎಲ್ಲರಿಗೂ ಗೊತ್ತಿರುವವೇ. ಆದರೆ ಅವು ಆಳುವ ಅರಸರ ವೈಭವದ ದಿನಗಳಲ್ಲಿ ಎದ್ದವು. ಚಾಮರಾಜೇಶ್ವರನಾದರೋ ಅಧಿಕಾರವಿಲ್ಲದೆ ಬದುಕಿ ಗೌರವವಿಲ್ಲದೆ ಹೋದ ಅರಸನಿಗೆ ಸಂದ ಪೂಜೆ. ಮಣ್ಣಿನಲ್ಲಿ ಮಣ್ಣಾಗಿ ಹೋಗಬಹುದಾಗಿದ್ದ ಹೆಸರನ್ನು ಅರ್ಚಕರು ಅಂದಿನಿಂದ ದಿನವೂ ಅರ್ಚನೆಯಲ್ಲಿ ಹೇಳುತ್ತಿದ್ದಾರೆ.

ಮುಮ್ಮಡಿಯವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರ ಮಾರ್ಚ್ 27ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರು ಸ್ವರ್ಗಸ್ಥರಾದರು. ಔರಸ ಪುತ್ರರಿಲ್ಲದ ಅರಸರು ಸತ್ತರೆ ರಾಜ್ಯವನ್ನೇ ನುಂಗಿಹಾಕುವ ಕ್ರಮವನ್ನು ಝಾನ್ಸಿ, ಸಾತಾರ, ನಾಗಪುರಗಳಲ್ಲಿ ಜನ ಕಂಡಿದ್ದರು. ಮೈಸೂರಿನ ದತ್ತುಪುತ್ರನನ್ನು ಒಪ್ಪುತ್ತೇವೆಂದು ಲಂಡನ್ನಿನ ಸರ್ಕಾರ ತೀರ್ಮಾನಿಸಿದ್ದು 1867ರಲ್ಲಿ, ಮುದಿ ದೊರೆಯ ಸಾವಿಗೆ ಒಂದು ವರ್ಷವಷ್ಟೇ ಮೊದಲು. ಆ ತೀರ್ಮಾನ ಇನ್ನೊಂದು ವರ್ಷ ತಡವಾಗಿದ್ದರೆ ಅರಸರ ಶೋಕದೊಂದಿಗೆ ರಾಜ್ಯದ ಶೋಕವನ್ನೂ ಆಚರಿಸಬೇಕಾಗುತ್ತಿತ್ತು. 1868ರ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು. ಆಡಳಿತ ಅವರ ಕೈಗೆ ಮರಳಿದ್ದು 1881ರಲ್ಲಿ. ಆ ವರ್ಷವೇ ಪ್ರಜಾಪ್ರತಿನಿಧಿ ಸಭೆ ಸೇರಿತು. ಸ್ವಾಮಿ ವಿವೇಕಾನಂದರು 1892ರಲ್ಲಿ ಈ ದೊರೆಯ ಅತಿಥಿಗಳಾಗಿದ್ದರು. 1894ರ ಜೂನ್‌ನಲ್ಲಿ ಷಿಕಾಗೋದಿಂದ ಇವರಿಗೆ ಪತ್ರವನ್ನೂ ಬರೆದರು.

ಆ ಪತ್ರ ಬರೆದ ಆರು ತಿಂಗಳಿಗೆ, 1894ರ ಡಿಸೆಂಬರ್ 28ರಂದು, ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಗಂಟಲುಮಾರಿ ರೋಗದಿಂದ ತೀರಿಕೊಂಡರು. ವಯಸ್ಸು ಮೂವತ್ತೊಂದು. ಚಾಮುಂಡಿಬೆಟ್ಟದ ನೆರಳಿನಲ್ಲಿ ಹುಟ್ಟಿ ಬೆಳೆದ ದೊರೆಯ ದೇಹ, ಕಾಳಿಘಾಟಿನ ಬಳಿ, ಆದಿಗಂಗೆಯ ದಡದಲ್ಲಿ ಬೂದಿಯಾಯಿತು. ಅಲ್ಲಿ ಮೈಸೂರು ಅರಸುಮನೆತನದವರು ಅವರ ಸ್ಮರಣೆಗಾಗಿ ಒಂದು ಗುಡಿಯನ್ನೂ ತೋಟವನ್ನೂ ಮಾಡಿಸಿದರು. ದೂರದ ಬಂಗಾಳದಲ್ಲಿ ಇಂದಿಗೂ ಮೈಸೂರಿನ ಹೆಸರಿನ ಜಾಗವೊಂದಿರುವುದಕ್ಕೆ ಇದೇ ಕಾರಣ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1796ರಲ್ಲಿ ತೀರಿಕೊಂಡವರು ಚಾಮರಾಜ ಒಡೆಯರು. ಅವರ ರಾಣಿ ಕೆಂಪನಂಜಮ್ಮಣ್ಣಿ, ಉಳಿದ ಎಳೆಯ ಮಗ ಕೃಷ್ಣರಾಜ. 1894ರಲ್ಲಿ ತೀರಿಕೊಂಡವರೂ ಚಾಮರಾಜ ಒಡೆಯರೇ. ಅವರ ರಾಣಿಯೂ ಕೆಂಪನಂಜಮ್ಮಣ್ಣಿ, ಉಳಿದ ಹತ್ತು ವರ್ಷದ ಮಗನೂ ಕೃಷ್ಣರಾಜ. ಹೆಸರುಗಳು ಒಂದೇ, ದುಃಖವೂ ಒಂದೇ. ಆದರೆ ಮೊದಲಿನ ಸಾವಿನ ನಂತರ ಸಿಂಹಾಸನವೇ ಇಲ್ಲವಾಯಿತು. ಎರಡನೆಯ ಸಾವಿನ ನಂತರ, 1895ರ ಫೆಬ್ರವರಿ 1ರಂದು ಬಾಲಕನಿಗೆ ಪಟ್ಟವಾಯಿತು. ಇಪ್ಪತ್ತೆಂಟರ ಪ್ರಾಯದ ವಿಧವೆ ತಾಯಿ ರೀಜೆಂಟರಾಗಿ 1902ರವರೆಗೆ ರಾಜ್ಯಭಾರ ನಡೆಸಿದರು. ಗಂಡನನ್ನು ಕಳೆದುಕೊಂಡ ಹೆಣ್ಣು ಮೂಲೆ ಸೇರಬೇಕೆಂದಿದ್ದ ಕಾಲದಲ್ಲಿ ವಾಣೀವಿಲಾಸ ಸನ್ನಿಧಾನದವರು ರಾಜ್ಯದ ಲೆಕ್ಕಪತ್ರ ನೋಡಿದರು. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾದದ್ದು ಅವರ ಕಾಲದಲ್ಲೇ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದೂ 1902ರಲ್ಲಿ. ವೀರಬಲ್ಲಾಳನ ಗರುಡರು ಒಡೆಯನೊಡನೆ ಹೋಗಿಬಿಟ್ಟರು. ಈ ತಾಯಿ ಹಿಂದೆ ಉಳಿದು ಕೆಲಸ ಮಾಡಿದರು.

ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಸಾವು ದೂರದ ಸಂಗತಿಯಾಗಿರಲಿಲ್ಲ. ಸೋದರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯರೋಗ ಕೊಂಡೊಯ್ದಿತು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಎದ್ದಿತು. 1934ರಲ್ಲಿ ತಾಯಿ ಹೋದರು. 1940ರ ಮಾರ್ಚ್‌ನಲ್ಲಿ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ಕಳೆಯುವ ಮೊದಲೇ, ಆಗಸ್ಟ್ 3ರಂದು, ಬೆಂಗಳೂರಿನ ಅರಮನೆಯಲ್ಲಿ ನಾಲ್ವಡಿಯವರೇ ಕಣ್ಣುಮುಚ್ಚಿದರು. ವಯಸ್ಸು ಐವತ್ತಾರು.

ಗಾಂಧೀಜಿಯವರಿಂದ ರಾಜರ್ಷಿ ಎನ್ನಿಸಿಕೊಂಡ ದೊರೆ ಅವರು. 1931ರಲ್ಲಿ ಕೈಲಾಸ ಮಾನಸ ಸರೋವರದ ಯಾತ್ರೆ ಮಾಡಿಬಂದ ಶಿವಭಕ್ತರು. ಕನ್ನಂಬಾಡಿಯ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು ಇವೆಲ್ಲ ಅವರ ಕಾಲದವು. ಇಂಥವರು ಹೋದರೆಂದಾಗ ಪ್ರಜೆಗಳ ದುಃಖಕ್ಕೆ ಅಪ್ಪಣೆ ಬೇಕಾಗಲಿಲ್ಲ. ಮಂಡ್ಯದ ಕಡೆಯ ರೈತರ ಮನೆಗಳಲ್ಲಿ ಅವರ ಪಟ ದೇವರ ಪಟಗಳ ಸಾಲಿಗೆ ಸೇರಿತು. ನಾಲೆಯ ನೀರು ಗದ್ದೆಗೆ ಬಂದ ಮೇಲೆ ಒಂದೇ ಹೊತ್ತಿನ ಗಂಜಿ ಎರಡು ಹೊತ್ತಿನ ಊಟವಾದುದನ್ನು ಕಂಡವರಿಗೆ ಅದು ಉತ್ಪ್ರೇಕ್ಷೆಯೆಂದು ತೋರಲಿಲ್ಲ. ಮೂವತ್ತಾರು ದಿನಗಳ ನಂತರ, ಸೆಪ್ಟೆಂಬರ್ 8ರಂದು, ತಮ್ಮನ ಮಗ ಜಯಚಾಮರಾಜ ಒಡೆಯರಿಗೆ ಪಟ್ಟವಾಯಿತು. ಸೂತಕ ಕಳೆದು ಅರಮನೆಯಲ್ಲಿ ಮತ್ತೆ ಮಂಗಳವಾದ್ಯ ಕೇಳಿಸಿತು.

ತಾಳವಾಡಿಯವರು ಆಗ ಮದ್ರಾಸು ಆಧಿಪತ್ಯಕ್ಕೆ ಸೇರಿದವರು. ಕಂದಾಯ ಕಟ್ಟುತ್ತಿದ್ದುದು ಇನ್ನೊಂದು ಸರ್ಕಾರಕ್ಕೆ. ಲೆಕ್ಕದ ಪ್ರಕಾರ ನಾಲ್ವಡಿಯವರು ಅವರ ಅರಸರಲ್ಲ. ಆದರೆ ಕಾಲ ತನ್ನದೇ ಆದ ಒಂದು ಚಮತ್ಕಾರ ಮಾಡಿತು. ಅರಸೊತ್ತಿಗೆ ಮುಗಿದು ರಾಜ್ಯಪಾಲರಾದ ಜಯಚಾಮರಾಜ ಒಡೆಯರು 1964ರಿಂದ 1966ರವರೆಗೆ ಮದ್ರಾಸು ರಾಜ್ಯದ ರಾಜ್ಯಪಾಲರಾಗಿದ್ದರು. 1799ರಲ್ಲಿ ತಪ್ಪಿಹೋದ ಸೀಮೆಗೆ ಎರಡು ವರ್ಷವಾದರೂ ಒಡೆಯರ ಮನೆತನದವರೇ ಮುಖ್ಯಸ್ಥರಾದರು. 1974ರ ಸೆಪ್ಟೆಂಬರ್ 23ರಂದು ಅವರು ನಿಧನರಾದಾಗ ಅವರಿಗೆ ಕಿರೀಟವೂ ಇರಲಿಲ್ಲ, ರಾಜಧನವೂ ನಿಂತುಹೋಗಿತ್ತು.

ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರ ಡಿಸೆಂಬರ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ದೇಹವನ್ನು ಮೈಸೂರಿನ ಅರಮನೆಗೆ ತಂದು ದರ್ಶನಕ್ಕಿಟ್ಟಾಗ ಜನ ಸಾಲುಗಟ್ಟಿ ಬಂದರು. ಮರುದಿನ ಮಧುವನದಲ್ಲಿ ಅಂತ್ಯಕ್ರಿಯೆಯಾಯಿತು. ಅವರಿಗೆ ಮಕ್ಕಳಿರಲಿಲ್ಲ. 2014ರ ದಸರಾದಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಪೂಜಿಸಿದರು. 2015ರಲ್ಲಿ ದತ್ತುಪುತ್ರ ಯದುವೀರರಿಗೆ ಪಟ್ಟಾಭಿಷೇಕವಾಯಿತು.

ಚಾಮರಾಜನಗರದ ಸ್ವಾಮಿಗೂ ಕಷ್ಟಕಾಲ ಬಂದಿತ್ತು. 2017ರಲ್ಲಿ ಯಾರೋ ಹಚ್ಚಿದ ಬೆಂಕಿಗೆ ದೊಡ್ಡ ತೇರು ತುತ್ತಾಗಿ, ಆಷಾಢದ ರಥೋತ್ಸವ ಕೆಲವು ವರ್ಷ ನಿಂತೇಹೋಯಿತು. ಅಷ್ಟು ವರ್ಷ ಮದುವೆಯಾದ ಜೋಡಿಗಳು ತೇರಿಲ್ಲದ ಬೀದಿಯನ್ನು ನೋಡಿಕೊಂಡೇ ಗುಡಿಯೊಳಗೆ ಕೈಮುಗಿದು ಮರಳಬೇಕಾಯಿತು. 2022ರಲ್ಲಿ ಹೊಸ ತೇರು ಸಿದ್ಧವಾಗಿ, ಚಾಮರಾಜೇಶ್ವರನು ಕೆಂಪನಂಜಾಂಬೆಯೊಡನೆ ಮತ್ತೆ ಬೀದಿಗೆ ಬಂದನು. ಹಣ್ಣು ಜವನಗಳು ತೇರಿನ ಕಳಸದತ್ತ ಹಾರಿದವು.